ಶನಿವಾರ ಒಲೆ ಹಚ್ಚದ ಮೌಶಿ

ಬೆಳಗಾವಿಯಿಂದ ಬಂದ ಒಂದು ಪತ್ರ ಈ ವಾರ ಉಳಿದ ಪತ್ರಗಳನ್ನೆಲ್ಲ ಬದಿಗೆ ಸರಿಸಿತು. ಬರೆದವರು ಶಿಕ್ಷಕಿ, ವಯಸ್ಸು 44. ಕಳೆದ ವರ್ಷ ತಾಯಿ ತೀರಿಕೊಂಡರು. ಅವರ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ, ಅಜ್ಜಿಯ ಫೋಟೊ ಮತ್ತು ಅಜ್ಜಿಯ ತಂಗಿ ಇಸ್ರೇಲಿನಿಂದ ಬರೆದ ಹಳೆಯ ಮರಾಠಿ ಪತ್ರ ಸಿಕ್ಕವು. ಕೊಂಕಣದ ಅಲಿಬಾಗ್ ಕಡೆಯ ಬೆನೆ ಇಸ್ರೇಲ್ ಯಹೂದಿ ಮನೆತನದ ಅಜ್ಜಿ, ಮುಂಬೈಯಲ್ಲಿ ರೈಲ್ವೆ ನೌಕರಿಯಲ್ಲಿದ್ದ ಅಜ್ಜನನ್ನು ತವರಿನ ವಿರೋಧ ಕಟ್ಟಿಕೊಂಡು ಮದುವೆಯಾದವರು ಎಂಬುದು ಆಗ ತಿಳಿಯಿತು.

ಈಗ ಇವರ ಪ್ರಶ್ನೆಗಳು ಸಾಲುಗಟ್ಟಿವೆ. ಅಮ್ಮ ಏಕೆ ಮುಚ್ಚಿಟ್ಟರು? ಡಿಎನ್‌ಎ ಪರೀಕ್ಷೆ ಮಾಡಿಸಲೇ? ಮುಂಬೈಗೆ ಹೋಗಿ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ವಿಚಾರಿಸಲೇ? ದೇವರ ಮನೆಯಲ್ಲಿ ದೀಪ ಹಚ್ಚುವಾಗ ಕೈ ತಡವರಿಸುತ್ತಿದೆ, ಏನು ಮಾಡಲಿ?

ನಾಲ್ಕು ಪುಟದ ಪತ್ರ. ಮೂರನೆಯ ಪುಟದಲ್ಲಿ, ಆವರಣದೊಳಗೆ ಹೀಗೊಂದು ಮಾತು: ‘ಅಜ್ಜಿ ಶನಿವಾರ ಒಲೆ ಹಚ್ಚುತ್ತಿರಲಿಲ್ಲ, ಮಾರುತಿಯ ವಾರವೆಂದು ನಾವು ತಿಳಿದಿದ್ದೆವು. ಧಾರವಾಡದ ಮೌಶಿ, ಅಮ್ಮನ ಸೋದರಿ, ಈಗಲೂ ಹಚ್ಚುವುದಿಲ್ಲ.’ ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಡಿಎನ್‌ಎ ಕಿಟ್‌ನ ಬೆಲೆ!

ನೀವು ಹುಡುಕುತ್ತಿರುವುದು ಧಾರವಾಡದ ಆ ಅಡುಗೆಮನೆಯಲ್ಲಿ ಕುಳಿತಿದೆ. ಶನಿವಾರ ಯಹೂದಿಗಳಿಗೆ ಸಬ್ಬತ್, ಕೆಲಸ ಮಾಡದ, ಬೆಂಕಿ ಹಚ್ಚದ ವಿಶ್ರಾಂತಿಯ ದಿನ. ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲರನ್ನು ನೆರೆಹೊರೆಯವರು ‘ಶನಿವಾರ ತೇಲಿ’ ಎಂದೇ ಕರೆಯುತ್ತಿದ್ದರು, ಶನಿವಾರ ಗಾಣ ನಿಲ್ಲಿಸುವ ಎಣ್ಣೆಯವರು ಎಂದು. ಅವರು ತಲೆಮಾರುಗಟ್ಟಲೆ ಮರಾಠಿ ಆಡಿದರು, ಸೀರೆ ಉಟ್ಟರು, ಮಂಗಳಸೂತ್ರ ಕಟ್ಟಿಕೊಂಡರು. ಹೀಬ್ರೂ ಹೆಚ್ಚುಕಡಿಮೆ ಮರೆತೇ ಹೋಯಿತು. ಬಿಡದೆ ಹಿಡಿದುಕೊಂಡದ್ದು ಕೆಲವನ್ನಷ್ಟೇ: ಗಂಡುಮಕ್ಕಳ ಸುನ್ನತಿ, ‘ಶೆಮಾ’ ಪ್ರಾರ್ಥನೆ, ಹುರುಪೆಯಿಲ್ಲದ ಮೀನನ್ನು ಮುಟ್ಟದಿರುವುದು, ಮತ್ತು ಈ ಶನಿವಾರ. ನಿಮ್ಮ ಅಜ್ಜಿ ಅದನ್ನು ಬೆಳಗಾವಿಯ ಓಣಿಯಲ್ಲಿ ಮಾರುತಿಯ ನೆರಳಿನಲ್ಲಿ ಕಾಪಾಡಿಕೊಂಡರು. ಎಂಥ ಜಾಣೆ!

ಅಮ್ಮನ ಮೇಲೆ ನಿಮಗೆ ಬಹಳ ಕೋಪವಿದೆ. ನನಗೆ ಅಷ್ಟಿಲ್ಲ. ನನ್ನ ಸಿಟ್ಟೆಲ್ಲ ನಿಮ್ಮ ಸೋದರಮಾವನ ಮೇಲೆ. ಅಜ್ಜಿ ತೀರಿಕೊಂಡ ಮೇಲೆ ‘ಹುಡುಗಿಯರ ಮದುವೆಗೆ ಅಡ್ಡಿಯಾಗುತ್ತದೆ, ಬಾಯಿ ಬಿಡಬೇಡಿ’ ಎಂದು ಅಕ್ಕತಂಗಿಯರಿಗೆ ತಾಕೀತು ಮಾಡಿದವರು ಅವರೇ ಎಂದು ನೀವೇ ಬರೆದಿದ್ದೀರಿ. ಅಜ್ಜಿಯ ಪ್ರಾರ್ಥನೆಯ ಪುಸ್ತಕಗಳನ್ನು, ಲಿಪಿ ತಿಳಿಯುವುದಿಲ್ಲವೆಂಬ ಕಾರಣಕ್ಕೆ, ರದ್ದಿಗೆ ಹಾಕಿದವರೂ ಅವರೇ. ಹರಿದು ಚಿಂದಿಯಾದ ಧರ್ಮಗ್ರಂಥವನ್ನೂ ಯಹೂದಿಗಳು ಎಸೆಯುವುದಿಲ್ಲ, ಮಣ್ಣಿನಲ್ಲಿ ಗೌರವದಿಂದ ಹೂಳುತ್ತಾರೆ. ಮುಂಬೈಯಲ್ಲಿ 1846ರಷ್ಟು ಹಿಂದೆಯೇ ಬೆನೆ ಇಸ್ರೇಲರಿಗಾಗಿ ಹೀಬ್ರೂ ಜೊತೆಗೆ ಮರಾಠಿಯಲ್ಲೂ ಪಾಸೋವರ್ ಹಬ್ಬದ ಪುಸ್ತಕ ಅಚ್ಚಾಗಿತ್ತು. ಆ ರದ್ದಿಯಲ್ಲಿ ನಿಮಗೆ ಓದಲು ಬರುವ ಪುಟಗಳೂ ಇದ್ದವೇನೋ. ಅಮ್ಮನ ಮೇಲಿನ ಕೋಪದಲ್ಲಿ ಅರ್ಧವನ್ನಾದರೂ ಈ ಮಹಾಶಯರ ಹೆಸರಿಗೆ ವರ್ಗಾಯಿಸಿ.

ಇನ್ನು ನಿಮ್ಮ ಯಜಮಾನರು. ಸುದ್ದಿ ತಿಳಿದ ದಿನವೇ ‘ಇಸ್ರೇಲಿನ ಪಾಸ್‌ಪೋರ್ಟ್ ಸಿಗುತ್ತದೆಯೇ ನೋಡು’ ಎಂದರಂತೆ. ಯಹೂದಿಗಳು ಅಲ್ಲಿಗೆ ಬಂದು ಪೌರರಾಗಲು ಅವಕಾಶ ಕೊಡುವ ಇಸ್ರೇಲಿನ 1950ರ ವಾಪಸಾತಿ ಕಾನೂನು 1970ರ ತಿದ್ದುಪಡಿಯ ನಂತರ ಯಹೂದಿಗಳ ಮೊಮ್ಮಕ್ಕಳಿಗೂ ಅನ್ವಯಿಸುತ್ತದೆ, ನಿಜ. ತಾಯಿಯ ತಾಯಿ ಯಹೂದಿಯಾದ್ದರಿಂದ ಸಾಂಪ್ರದಾಯಿಕ ಧರ್ಮಶಾಸ್ತ್ರದ ಪ್ರಕಾರವೂ ನೀವು ಯಹೂದಿಯೇ. ಆದರೆ ಎಲ್ಲಕ್ಕೂ ದಾಖಲೆ ಬೇಕು. ಇಲ್ಲಿಂದ ಅಲ್ಲಿಗೆ ಹೋಗಿ ನೆಲೆಸಿದ್ದ ಬೆನೆ ಇಸ್ರೇಲರನ್ನೇ 1960ರ ದಶಕದಲ್ಲಿ ಮದುವೆಯ ಸಮಯಕ್ಕೆ ಅಲ್ಲಿನ ಧರ್ಮಗುರುಗಳು ವಂಶದ ಪುರಾವೆ ಕೇಳಿ ಸತಾಯಿಸಿದರು. ಬೆನೆ ಇಸ್ರೇಲರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ, ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು 1964ರಲ್ಲಿ ಅಲ್ಲಿನ ಸಂಸತ್ತು ಹೇಳಬೇಕಾಯಿತು. ಮೇಲಾಗಿ ಭಾರತ ಎರಡು ಪೌರತ್ವಕ್ಕೆ ಒಪ್ಪುವುದಿಲ್ಲ. ಇಷ್ಟನ್ನು ಯಜಮಾನರಿಗೆ ಓದಿ ಹೇಳಿ, ಆ ಕಡತವನ್ನು ಮುಚ್ಚಿ.

ಡಿಎನ್‌ಎ ಕಿಟ್ ಈಗ ಬೇಡ. ಅದು ಶೇಕಡಾವಾರು ಅಂಕಿ ಕೊಡುತ್ತದೆ, ಅಜ್ಜಿ ಶುಕ್ರವಾರ ಸಂಜೆ ತಲೆಗೆ ಸೆರಗು ಹೊದ್ದು ಏನು ಗುನುಗುತ್ತಿದ್ದರೆಂದು ಹೇಳುವುದಿಲ್ಲ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದಕ್ಷರವನ್ನೂ ಹಾಕಬೇಡಿ. ಆ ಗುಂಪುಗಳ ಬಗ್ಗೆ ನನ್ನ ಅಭಿಪ್ರಾಯ ಈ ಅಂಕಣದ ಓದುಗರಿಗೆ ಹೊಸದಲ್ಲ. ದೇವರ ಮನೆಯ ದೀಪವನ್ನು ಎಂದಿನಂತೆ ಹಚ್ಚಿ, ಅದನ್ನು ಆರಿಸೆಂದು ಯಾರೂ ಕೇಳಿಲ್ಲ.

ಮುಂಬೈಯ ‘ಶಾರ್ ಹಾರಹಮೀಮ್’ ಸಿನಗಾಗ್ ನೋಡಬೇಕಾದದ್ದೇ. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಸ್ಯಾಮ್ಯುಯೆಲ್ ದಿವೇಕರ್ ಎಂಬ ಬೆನೆ ಇಸ್ರೇಲ್ ಸೇನಾಧಿಕಾರಿ ಕೃತಜ್ಞತೆಯಿಂದ 1796ರಲ್ಲಿ ಅದನ್ನು ಕಟ್ಟಿಸಿದರಂತೆ. ಅಷ್ಟು ವರ್ಷ ಉಳಿದು ಬಂದ ಸಿನಗಾಗ್ ಬರುವ ದೀಪಾವಳಿ ರಜೆಯವರೆಗೂ ಉಳಿದಿರುತ್ತದೆ. ಮೌಶಿಗೆ ಎಪ್ಪತ್ತೆರಡು.

‘ಮೌಶಿಯನ್ನು ಫೋನಿನಲ್ಲಿ ಕೇಳಿದೆ, ಸತ್ತವರನ್ನು ಎಬ್ಬಿಸಬೇಡ ಎಂದರು’ ಎಂದು ಬರೆದಿದ್ದೀರಿ. ಬೇರೇನು ಹೇಳಬೇಕಿತ್ತು? ಜೀವಮಾನವಿಡೀ ಬಾಯಿ ಮುಚ್ಚಿಕೊಂಡು ಬಂದವರು ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಬಂದ ಕರೆಗೆ ಬಾಯಿ ಬಿಡುತ್ತಾರೆಯೇ?

ಆದ್ದರಿಂದ ನೀವು ಮಾಡಬೇಕಾದದ್ದು ಒಂದೇ. ಈ ಶುಕ್ರವಾರ ಅರ್ಧ ದಿನ ರಜೆ ಹಾಕಿ ಧಾರವಾಡಕ್ಕೆ ಹೋಗಿ. ಸಬ್ಬತ್ ಶುಕ್ರವಾರ ಸೂರ್ಯಾಸ್ತಕ್ಕೇ ಆರಂಭವಾಗುತ್ತದೆ, ಅಷ್ಟರೊಳಗೆ ಮೌಶಿಯ ಮನೆ ತಲುಪಿರಬೇಕು. ಮರುದಿನಕ್ಕಾಗುವಷ್ಟು ಜೋಳದ ರೊಟ್ಟಿ, ಚಟ್ನಿಪುಡಿ, ಪಲ್ಯ ಕಟ್ಟಿಕೊಂಡು ಹೋಗಿ. ಶನಿವಾರ ಬೆಳಿಗ್ಗೆ ಚಹಾ ಮಾಡಲೆಂದು ಒಲೆಯ ಕಡೆ ಹೋಗಬೇಡಿ, ಸುಮ್ಮನೆ ಅವರ ಜೊತೆ ತಣ್ಣನೆಯ ರೊಟ್ಟಿ ತಿನ್ನಿ. ಏಕೆಂದು ಅವರೇ ಕೇಳುತ್ತಾರೆ. ಆಗ ಅಜ್ಜಿಯ ಫೋಟೊ ಹೊರಗೆ ತೆಗೆದು ತೋರಿಸಿ. ಹರಕೆ ತೀರಿದಾಗ ಅಜ್ಜಿ ಸಿಹಿ ಅವಲಕ್ಕಿಗೆ ಕಾಯಿತುರಿ ಕಲಸಿ, ಹಣ್ಣುಗಳನ್ನು ಜೋಡಿಸಿ ‘ಮಲಿದಾ’ ಮಾಡುತ್ತಿದ್ದರೇ ಎಂದು ಕೇಳಿ. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಬೆನೆ ಇಸ್ರೇಲರು ಮಾಡುವ ಆ ತಟ್ಟೆಯ ನೆನಪು ಅವರಿಗಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. ಅಜ್ಜಿಯ ತವರಿನ ಅಡ್ಡಹೆಸರನ್ನೂ ಬರೆದುಕೊಳ್ಳಿ, ಅದರಲ್ಲೇ ಊರಿನ ಹೆಸರು ಅಡಗಿರುವುದುಂಟು.

ಯಜಮಾನರು ಜೊತೆಗೆ ಬರುತ್ತೇನೆಂದರೆ ಬೇಡವೆನ್ನಿ. ಶನಿವಾರ ಮನೆಯ ಅಡುಗೆ ಅವರೇ ಮಾಡಿಕೊಳ್ಳಲಿ.