ತಾಯಿಯಾಗುವ ಮೊದಲು ಮನಸ್ಸು ಪೂರ್ತಿ ಗುಣವಾಗಲೇಬೇಕಾ? ಖಿನ್ನತೆಯ ಮಾತ್ರೆ ಬಿಟ್ಟು ಧ್ಯಾನ, ಡೈರಿ ಸಾಕಾ?

ಮಗುವಿಗೆ ಪ್ರಯತ್ನಿಸುವ ಮೊದಲು ಆರು ತಿಂಗಳು ದೇಹ, ಮನಸ್ಸು ಎರಡನ್ನೂ ಶುದ್ಧ ಮಾಡಿಕೊಳ್ಳಬೇಕು ಅಂತಿದ್ದೀರಿ. ನಾಲ್ಕು ದಿನದಿಂದ ಮಾತ್ರೆಯನ್ನು ನೀವೇ ಅರ್ಧ ಮಾಡಿದ್ದೀರಿ, ಮನೆಯಲ್ಲಿ ಯಾರಿಗೂ ಹೇಳಿಲ್ಲ ಅಂತಲೂ ಬರೆದಿದ್ದೀರಿ. ಓದುತ್ತಿದ್ದ ಹಾಗೆ ನನ್ನ ಎದೆ ಧಸಕ್ಕೆಂದಿತು.

ನನಗಾಗ 31 ವರ್ಷ. ಎರಡು ವರ್ಷದಿಂದ ಖಿನ್ನತೆಗೆ ಸರ್ಟ್ರಲಿನ್ ಅನ್ನೋ ಮಾತ್ರೆ ತಗೊಳ್ತಿದ್ದೆ, ಚೆನ್ನಾಗಿದ್ದೆ. ನಿದ್ದೆ ಬರ್ತಿತ್ತು, ಕೆಲಸಕ್ಕೆ ಹೋಗ್ತಿದ್ದೆ, ನಗ್ತಿದ್ದೆ. ಮಗು ಬೇಕು ಅಂತ ನಾವಿಬ್ಬರೂ ನಿರ್ಧರಿಸಿದ ರಾತ್ರಿಯೇ ನನಗೆ ಅನ್ನಿಸಿದ್ದು, ಔಷಧಿ ಓಡಾಡುವ ಮೈಯಲ್ಲಿ ಮಗು ಬೆಳೀಬಾರದು ಅಂತ. ಮರುದಿನವೇ ನಿಲ್ಲಿಸಿಬಿಟ್ಟೆ. ಹೊಸ ಡೈರಿ ತಗೊಂಡೆ. ಬೆಳಗ್ಗೆ ಐದಕ್ಕೆ ಏಳೋದು, ಇಪ್ಪತ್ತು ನಿಮಿಷ ಧ್ಯಾನ, ನಡಿಗೆ, ರಾತ್ರಿ ಮೂರು ಸಾಲು ಬರವಣಿಗೆ. ತಪ್ಪಿದ ದಿನ ಕೆಂಪು ಪೆನ್ನಿನಲ್ಲಿ ಇಂಟು ಗುರುತು.

ನಮ್ಮವರಿಗೆ ಗೊತ್ತಾದರೆ ಬೇಡ ಅಂತಾರೆ ಅಂತ ಗೊತ್ತಿತ್ತು. ಅದಕ್ಕೇ ದಿನಾ ರಾತ್ರಿ ಬಚ್ಚಲಿಗೆ ಹೋಗಿ ಸ್ಟ್ರಿಪ್ಪಿನಿಂದ ಒಂದು ಮಾತ್ರೆ ಒತ್ತಿ ತೆಗೆದು ಬೇಸಿನ್ನಿಗೆ ಹಾಕಿ ನಲ್ಲಿ ಬಿಡ್ತಿದ್ದೆ. ಜಾಲರಿಯ ಮೇಲೆ ಅದು ಒಂದು ಗಳಿಗೆ ಬಿಳಿ ಚುಕ್ಕೆ ಹಾಗೆ ನಿಂತಿರುತ್ತಿತ್ತು, ಆಮೇಲೆ ಕರಗಿ ಜಾರುತ್ತಿತ್ತು. ಲೆಕ್ಕ ತಪ್ಪಬಾರದು ಅಂತ ಸ್ಟ್ರಿಪ್ಪನ್ನು ಮತ್ತೆ ಅದೇ ಡ್ರಾಯರಿನಲ್ಲಿಡುತ್ತಿದ್ದೆ.

ಮೊದಲ ವಾರದಲ್ಲೇ ತಲೆಸುತ್ತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ ಝುಮ್ಮೆನ್ನುತ್ತಿತ್ತು. ವಿಚಿತ್ರ ಕನಸುಗಳು, ಸುಮ್ಮಸುಮ್ಮನೆ ಸಿಟ್ಟು. ಈ ಥರದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದಾಗ ಹೀಗಾಗೋದು ಡಾಕ್ಟರುಗಳಿಗೆಲ್ಲ ಗೊತ್ತಿರುವ ವಿಷಯ. ನಾನು ಮಾತ್ರ 'ವಿಷ ಹೊರಗೆ ಹೋಗ್ತಿದೆ' ಅಂತ ಡೈರಿಯಲ್ಲಿ ಬರೆದುಕೊಂಡೆ. ಸ್ವಲ್ಪ ದಿನಕ್ಕೆ ಅದೆಲ್ಲ ಇಳಿಯಿತು, ಒಂದೆರಡು ತಿಂಗಳು ಹಗುರವಾಗಿಯೇ ಇದ್ದೆ. ಗೆದ್ದೆ ಅಂದುಕೊಂಡೆ. ಮೂರನೇ ತಿಂಗಳು ಬೆಳಗ್ಗೆ ಎದ್ದು ಹಲ್ಲುಜ್ಜೋದೇ ಬೆಟ್ಟ ಹತ್ತಿದಷ್ಟು ಕಷ್ಟವಾಗತೊಡಗಿತು. ಡೈರಿ ತುಂಬ ಇಂಟು ಗುರುತು. ಒಂದೊಂದು ಗುರುತೂ 'ನೀನು ತಾಯಿಯಾಗೋಕೆ ಲಾಯಕ್ಕಿಲ್ಲ' ಅಂದ ಹಾಗೆ ಕಾಣುತ್ತಿತ್ತು.

ನನಗೆ ದುಬಾರಿಯಾದ ತಪ್ಪು ಯಾವುದು ಅಂತ ಬಿಡಿಸಿ ಹೇಳ್ತೀನಿ, ಯಾಕೆಂದರೆ ಜನ ಅದನ್ನು 'ಮಾತ್ರೆ ಬಿಟ್ಟಿದ್ದು' ಅಂದುಕೊಳ್ತಾರೆ. ಬಿಡಬೇಕು ಅಂತ ಅನ್ನಿಸಿದ್ದು ತಪ್ಪಲ್ಲ, ಡಾಕ್ಟರ ನಿಗಾದಲ್ಲಿ ನಿಧಾನವಾಗಿ ಇಳಿಸಿ ಬಿಟ್ಟವರೂ ಇದ್ದಾರೆ. ನನ್ನ ತಪ್ಪು ಮುಚ್ಚಿಟ್ಟಿದ್ದು. ಗಂಡನಿಂದ ಮುಚ್ಚಿಟ್ಟೆ, ಡಾಕ್ಟರಿಂದಲೂ ಮುಚ್ಚಿಟ್ಟೆ. ಅಷ್ಟು ಹದಗೆಟ್ಟ ಮೇಲೆ ತೋರಿಸೋಕೆ ಹೋದಾಗಲೂ, 'ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?' ಅಂತ ಅವರು ಕೇಳಿದರೆ ಹೂಂ ಅಂದೆ. ನಾನು ನುಂಗುತ್ತಲೇ ಇಲ್ಲದ ಮಾತ್ರೆ ನನಗೆ ಸಾಲುತ್ತಿಲ್ಲ ಅಂತ ಪಾಪ ಅವರು ಡೋಸ್ ಏರಿಸಿದರು. ಸುಳ್ಳು ಲೆಕ್ಕ ಕೊಟ್ಟರೆ ಯಾವ ಡಾಕ್ಟರು ತಾನೇ ಸರಿಯಾದ ಉತ್ತರ ಹೇಳೋಕಾಗುತ್ತೆ? ಮನೆಗೆ ಬಂದು ಅದನ್ನೂ ಬೇಸಿನ್ನಿಗೇ ಹಾಕಿದೆ. ಎರಡು ತಿಂಗಳ ನಂತರ ನಮ್ಮವರು ಬಚ್ಚಲ ಬಾಗಿಲಲ್ಲಿ ನಿಂತು ನೋಡಿದ ಮೇಲೇ ಸತ್ಯ ಹೊರಗೆ ಬಂದಿದ್ದು. ಅವರು ಬೈಯಲಿಲ್ಲ. ನಲ್ಲಿ ನಿಲ್ಲಿಸಿ, 'ಎಷ್ಟು ದಿನದಿಂದ?' ಅಂತ ಕೇಳಿದರು, ಅಷ್ಟೇ. ಕೆಲಸಕ್ಕೆ ಮೂರು ತಿಂಗಳು ರಜೆ, ಮಗುವಿನ ಆಲೋಚನೆ ಒಂದೂವರೆ ವರ್ಷ ಮುಂದಕ್ಕೆ ಹೋಯಿತು.

ಆಮೇಲೆ ನನ್ನ ಡಾಕ್ಟರು ಒಂದು ಅಧ್ಯಯನದ ಬಗ್ಗೆ ಹೇಳಿದರು. 2006ರಲ್ಲಿ ಅಮೆರಿಕದ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು, ಹಿಂದೆ ಖಿನ್ನತೆ ಇದ್ದ 201 ಗರ್ಭಿಣಿಯರದ್ದು. ಮಾತ್ರೆ ನಿಲ್ಲಿಸಿದವರಲ್ಲಿ ಶೇ. 68ರಷ್ಟು ಮಂದಿಗೆ ಖಿನ್ನತೆ ಮರುಕಳಿಸಿತ್ತು, ಮುಂದುವರಿಸಿದವರಲ್ಲಿ ಶೇ. 26ರಷ್ಟು ಮಂದಿಗೆ. ಮುಂದುವರಿಸಿದರೂ ಪೂರ್ತಿ ರಕ್ಷಣೆ ಇಲ್ಲ ಅನ್ನೋದನ್ನೂ ಗಮನಿಸಿ.

ಈಗ ನಿಮ್ಮ ಪ್ರಶ್ನೆಗೆ. 'ಪೂರ್ತಿ ಗುಣವಾಗೋದು ಹೇಗೆ' ಅಂತ ಕೇಳಿದ್ದೀರಿ. ಪೂರ್ತಿ ಗುಣವಾಗಲೇಬೇಕು ಅನ್ನೋ ಮಾತನ್ನೇ ನಾನು ಒಪ್ಪಲ್ಲ. ಮನಸ್ಸು ಕನ್ನಡಿ ಹಾಗೆ ಇದ್ದರೇ ಗರ್ಭ ನಿಲ್ಲುತ್ತೆ ಅನ್ನೋದು ಹೆಂಗಸರ ತಲೆ ಮೇಲೆ ಹೊರಿಸಿದ ಇನ್ನೊಂದು ಹೊರೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2011ರಲ್ಲಿ 14 ಅಧ್ಯಯನಗಳನ್ನು, ಒಟ್ಟು 3,583 ಮಹಿಳೆಯರನ್ನು, ಒಟ್ಟಿಗೆ ನೋಡಿದ ವಿಶ್ಲೇಷಣೆ ಬಂದಿತ್ತು. ಮಗುವಾಗಲಿ ಅಂತ ಮಾಡಿಸುವ ಐವಿಎಫ್‌ನಂಥ ಚಿಕಿತ್ಸೆಗೆ ಮೊದಲು ಆತಂಕ, ದುಃಖ ಇದ್ದವರಿಗೂ ಇಲ್ಲದವರಿಗೂ ಗರ್ಭ ನಿಲ್ಲುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅತ್ತಿದ್ದಕ್ಕೆ ಮಗು ಆಗಲಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ.

ಧ್ಯಾನ ಮಾಡಿ, ನಡೀರಿ, ನಿದ್ದೆಯನ್ನಂತೂ ಕಾಪಾಡಿಕೊಳ್ಳಿ. ಕೌನ್ಸೆಲಿಂಗ್ ನನಗೆ ತುಂಬಾ ಸಹಾಯ ಮಾಡಿತು. ಇವೆಲ್ಲ ಮಾತ್ರೆಯ ಜೊತೆಗಿರಲಿ. ಮಾತ್ರೆಯ ಜಾಗಕ್ಕೆ ಇವನ್ನು ತರಬೇಕಾ ಅನ್ನೋದನ್ನು ಡಾಕ್ಟರ ಜೊತೆ ಕೂತು ತೀರ್ಮಾನಿಸಿ. ಕೆಲವು ಔಷಧಿಗಳನ್ನು ಗರ್ಭಕ್ಕೆ ಮೊದಲೇ ಬದಲಿಸಬೇಕಾಗುತ್ತೆ ನಿಜ. ಮೂಡ್ ಏರಿಳಿತಕ್ಕೂ ಫಿಟ್ಸಿಗೂ ಕೊಡುವ ಸೋಡಿಯಂ ವಾಲ್ಪ್ರೊಯೇಟ್ ಅಂಥದ್ದು, ಮಗುವಿನ ಬೆನ್ನುಹುರಿ, ಮಿದುಳಿಗೆ ಅಪಾಯ. ಅದನ್ನೂ ನೀವೇ ನಿಲ್ಲಿಸುವ ಹಾಗಿಲ್ಲ. ಫೋಲಿಕ್ ಆಸಿಡ್ ಅನ್ನೋ ವಿಟಮಿನ್ನನ್ನು ಮಾತ್ರ ಈಗಲೇ ಡಾಕ್ಟರನ್ನು ಕೇಳಿ ಶುರು ಮಾಡಿ, ಸಾಮಾನ್ಯವಾಗಿ ದಿನಕ್ಕೆ 400 ಮೈಕ್ರೋಗ್ರಾಂ, ಕೆಲವರಿಗೆ ಹೆಚ್ಚು ಬೇಕಾಗುತ್ತೆ. ಮುಂದೆ ಮಗುವಿನ ಮಿದುಳು, ಬೆನ್ನುಹುರಿಯಾಗುವ ನರನಾಳಕ್ಕೆ ಇದು ಬೇಕು, ಆ ನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತೆ, ಎಷ್ಟೋ ಜನರಿಗೆ ಅಷ್ಟೊತ್ತಿಗೆ ಬಸಿರು ಅಂತಲೇ ಗೊತ್ತಿರಲ್ಲ. ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ, ಅದು ಕಡಿಮೆಯಾದರೂ ಖಿನ್ನತೆಯ ಹಾಗೇ ಕಾಣುತ್ತೆ.

ನಾನು ಕೊನೆಗೆ ಸರ್ಟ್ರಲಿನ್ ತಗೊಳ್ತಲೇ ಬಸಿರಾದೆ. ಏಳನೇ ತಿಂಗಳಲ್ಲಿ ಒಂದು ವಾರ ಮನಸ್ಸು ಮತ್ತೆ ಕುಸಿಯಿತು. ಶುರುವಾದ ದಿನ ಸಂಜೆಯೇ ನಮ್ಮವರಿಗೆ ಹೇಳಿದೆ, ಮರುದಿನ ಡಾಕ್ಟರಿಗೆ. ಮಗಳಿಗೆ ಈಗ ಎರಡು ವರ್ಷ.

ನಾಳೆ ಬೆಳಗ್ಗೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, 'ನಾಲ್ಕು ದಿನದಿಂದ ಅರ್ಧ ತಗೊಳ್ತಿದ್ದೀನಿ, ನಮಗೆ ಮಗು ಬೇಕು' ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಈ ರಾತ್ರಿಯೇ ನಿಮ್ಮವರಿಗೂ ತಿಳಿಸಿ. ಬಾಯಲ್ಲಿ ಹೇಳೋಕೆ ಆಗದಿದ್ದರೆ, ಇಲ್ಲಿ ಕೇಳಿದ ಪ್ರಶ್ನೆಯನ್ನೇ ಅವರ ಕೈಗೆ ಕೊಟ್ಟು ಓದಿಸಿ.