ಕುಕ್ಕರ್ ಕೂಗಿದರೂ ಅಳು ಬರುತ್ತೆ

ಪ್ರಶ್ನೆ: ನನಗೆ 36 ವರ್ಷ. ಕಾಲ್ ಸೆಂಟರ್ ಒಂದರಲ್ಲಿ 9 ವರ್ಷ ದುಡಿದೆ. ಕೊನೆಯ ವರ್ಷ ಇಬ್ಬರ ಕೆಲಸ ನನ್ನೊಬ್ಬಳ ತಲೆ ಮೇಲಿತ್ತು. ಎರಡು ತಿಂಗಳ ಹಿಂದೆ ಬಿಟ್ಟೆ. ಆರಾಮಾಗಿರಬಹುದು ಅಂದುಕೊಂಡರೆ ಆಗಿದ್ದು ಉಲ್ಟಾ. ಕುಕ್ಕರ್ ಕೂಗಿದರೆ ಎದೆ ಧಸಕ್ ಅನ್ನುತ್ತೆ. ಟಿವಿ, ಫೋನು, ಮಗಳ ‘ಅಮ್ಮಾ ಅಮ್ಮಾ’ ಒಟ್ಟಿಗೆ ಕಿವಿಗೆ ಬಿದ್ದರೆ ಕಿರುಚುತ್ತೇನೆ, ಆಮೇಲೆ ಬಚ್ಚಲಲ್ಲಿ ಕೂತು ಅಳುತ್ತೇನೆ. ‘ಮನೇಲೇ ಇದ್ದೀಯಲ್ಲ, ಇನ್ನೇನು ಸುಸ್ತು?’ ಅಂತಾರೆ ಅತ್ತೆ. ಮೊದಲಿನ ಹಾಗೆ ಆಗುವುದು ಯಾವಾಗ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಕಾಗದ ಓದುವಾಗ ನನಗೆ ನೋಟು ಎಣಿಸುವ ಯಂತ್ರದ ಸದ್ದು ಕೇಳಿಸಿತು. ಈ ಅಂಕಣಕ್ಕೆ ಬರುವ ಮುಂಚೆ ನಾನು ಬ್ಯಾಂಕಿನಲ್ಲಿ ಕ್ಯಾಶಿಯರ್. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಯಿತಲ್ಲ, 10ನೇ ತಾರೀಖು ಬಾಗಿಲು ತೆಗೆದಾಗ ಕ್ಯೂ ಬೀದಿ ತಿರುವು ದಾಟಿತ್ತು. ಆ ಶನಿವಾರ, ಭಾನುವಾರವೂ ಕೆಲಸ. ನೋಟು ಬದಲಾಯಿಸುವ ಮಿತಿ ಮೊದಲು 4000, ಆಮೇಲೆ 4500, ಮತ್ತೆ ನಾಲ್ಕೇ ದಿನಕ್ಕೆ 2000. ನಿಯಮ ಯಾರೇ ಮಾಡಲಿ, ಬೈಗುಳ ತಿನ್ನುವುದು ಕೌಂಟರಿನಲ್ಲಿ ಕೂತವರು!

ಹಳೇ ನೋಟು ಬ್ಯಾಂಕಿಗೆ ಕಟ್ಟಲು ಕೊನೇ ದಿನ ಡಿಸೆಂಬರ್ 30. ಅಲ್ಲಿ ತನಕ ನಾನು ಗಟ್ಟಿಯಾಗೇ ಇದ್ದೆ. ಬಿದ್ದದ್ದು ಜನವರಿಯಲ್ಲಿ, ಕ್ಯೂ ಎಲ್ಲ ಕರಗಿದ ಮೇಲೆ. ಹಾಗಾಗಿ ನಿಮಗೆ ಉಲ್ಟಾ ಏನೂ ಆಗಿಲ್ಲ. ಓಡುವಷ್ಟು ದಿನ ಮೈ ಹೇಗೋ ಓಡಿಸಿಕೊಂಡು ಹೋಗುತ್ತೆ. ನಿಂತ ಮೇಲೇ ಲೆಕ್ಕ ಕೇಳುವುದು.

ರಜೆ ಹಾಕಿ ಮಲಗಿದೆ. ಕೈಯಲ್ಲಿ ಫೋನು. ಮೂರು ಗಂಟೆ ಮಲಗಿ ಎದ್ದರೆ ಮೊದಲಿಗಿಂತ ಜಾಸ್ತಿ ತಲೆ ಬಿಸಿ. ಮೈ ಮಲಗಿದ್ದರೂ ಕಣ್ಣು, ಕಿವಿ ಡ್ಯೂಟಿಯಲ್ಲೇ ಇದ್ದವು. ನನಗೆ ಆರಾಮ ಸಿಕ್ಕಿದ್ದು, ನಗಬೇಡಿ, ಅವರೆಕಾಯಿಯಲ್ಲಿ. ಸೀಸನ್ ಅದೇ ತಾನೆ? ನಮ್ಮತ್ತೆ ರಾತ್ರಿ ನೆನೆಹಾಕಿದ ಕಾಳಿನ ಪಾತ್ರೆ ತಂದು ಮುಂದಿಟ್ಟು, ಏನೂ ಮಾತಾಡದೆ ಒಳಗೆ ಹೋದರು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಹಿತುಕಿದರೆ ಪುಳಕ್ ಅಂತ ಬೇಳೆ ಹಾರುತ್ತೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತೆ. ಲೆಕ್ಕ ಇಡಬೇಕಿಲ್ಲ, ತಪ್ಪಿದರೂ ಕೇಳುವವರಿಲ್ಲ. ಅರ್ಧ ಗಂಟೆ ಆದ ಮೇಲೆ ಗೊತ್ತಾಯಿತು, ಭುಜ ಕಿವಿ ಹತ್ತಿರದಿಂದ ಇಳಿದಿದೆ ಅಂತ. ನಿಮಗೆ ಅದು ಸೊಪ್ಪು ಬಿಡಿಸುವುದಿರಬಹುದು, ಹೂ ಕಟ್ಟುವುದಿರಬಹುದು. ಕೈಗೆ ಕೆಲಸ ಇರಲಿ, ಕಿವಿಗೆ ಬೇಡ.

ಸದ್ದು ಎಷ್ಟು ಆಗುತ್ತೋ ಅಷ್ಟು ಕಡಿಮೆ ಮಾಡಿ. ನಾನು ಒಂದು ತಿಂಗಳು ಕುಕ್ಕರ್ ಮುಟ್ಟದೆ ಪಾತ್ರೆಯಲ್ಲೇ ಅನ್ನ ಬಸಿದೆ. ವಾಟ್ಸಾಪ್ ಗ್ರೂಪುಗಳ ಬಾಯಿ ಮುಚ್ಚಿಸಿ. ಎದೆ ಧಸಕ್ ಅಂದಾಗ, ಉಸಿರು ಎಳೆದುಕೊಂಡಿದ್ದಕ್ಕಿಂತ ಬಿಡುವುದನ್ನು ಉದ್ದ ಮಾಡಿ, ಬಡಿತ ತುಸು ಇಳಿಯುತ್ತೆ. ಮಗಳಿಗೆ ‘ಅಮ್ಮನ ಕಿವಿಗೆ ಸುಸ್ತಾಗಿದೆ, ಹತ್ತು ನಿಮಿಷ ಬಿಡು ಪುಟ್ಟಾ’ ಅಂತ ಕಿರುಚುವ ಮುಂಚೆಯೇ ಹೇಳಿ. ಕಿರುಚಿದ ಮೇಲಾದರೆ ‘ತಪ್ಪಾಯ್ತು’ ಅನ್ನಿ. ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ದೊಡ್ಡವರು.

ಈಗ ಮುಖ್ಯ ವಿಷಯ. ಒಂದು ದಿನ ಬೆಳಿಗ್ಗೆ ಏಳುವಾಗ ಹಗುರ ಅನಿಸುತ್ತೆ. ಅವತ್ತು ಹುಷಾರು! ನಾನು ಆ ಖುಷಿಗೆ ಅಟ್ಟ ಹತ್ತಿ ಹಳೇ ಕಂಚು, ಹಿತ್ತಾಳೆ ಎಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದೆ. ಆಮೇಲೆ ಮೂರು ದಿನ ಹಾಸಿಗೆ ಬಿಡಲಿಲ್ಲ. ಕೈಗೆ ಹತ್ತು ರೂಪಾಯಿ ಬಂದರೆ ಐದೇ ಖರ್ಚು ಮಾಡಿ. ಕ್ಯಾಶಿಯರ್ ಬುದ್ಧಿ, ಆದರೆ ನಾಲ್ಕು ಸಲ ಬಿದ್ದು ಕಲಿತದ್ದು.

ಅತ್ತೆಯ ಮಾತಿಗೆ ಬರೋಣ. ಕೆಲಸದ ಒತ್ತಡ ತಿಂಗಳುಗಟ್ಟಲೆ ಹಾಗೇ ಉಳಿದು ಬರುವ ಇಂಥ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಬಿಡಿಸಿ ಹೇಳಿದೆ. ಕಾಯಿಲೆ ಅಂತಲ್ಲ, ಕೆಲಸದಿಂದ ಬರುವ ಸ್ಥಿತಿ ಅಂತ. ಅವರಿಗೆ ಇದನ್ನೆಲ್ಲ ವಿವರಿಸಲು ಹೋಗಬೇಡಿ, ಜಗಳಕ್ಕೂ ಶಕ್ತಿ ಬೇಕು. ‘ಅತ್ತೆ, ಸಂಜೆ 6ರಿಂದ ಅರ್ಧ ಗಂಟೆ ಇವಳನ್ನ ನೀವು ನೋಡ್ಕೊಳ್ತೀರಾ?’ ಅಂತ ಕೇಳಿ. ಗೊತ್ತಾದ ಒಂದು ಕೆಲಸ ಕೇಳಿದರೆ ಬಹಳ ಜನ ಇಲ್ಲ ಅನ್ನುವುದಿಲ್ಲ.

ಒಮ್ಮೆ ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿ. ರಕ್ತ ಕಡಿಮೆಯಿದ್ದರೂ ಇದೇ ಥರ ಸುಸ್ತು. ನಿದ್ದೆ ಪೂರ್ತಿ ಹೋದರೆ, ಅಥವಾ ಬದುಕೇ ಬೇಡ ಅನಿಸಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಯಾವಾಗ ಅಂತ ಕೇಳಿದ್ದೀರಿ. ನನಗೆ ಕುಕ್ಕರ್, ಮಿಕ್ಸಿ ಸದ್ದು ಸಹಿಸುವ ಹಾಗಾಗಿದ್ದು ಯುಗಾದಿ ಹೊತ್ತಿಗೆ. ನೋಟು ಎಣಿಸುವ ಯಂತ್ರ ಮಾತ್ರ ಇವತ್ತಿಗೂ ಆಗಲ್ಲ. ಚಿನ್ನದಂಗಡಿಯಲ್ಲಿ ಅದು ಟರ್ರ್ ಅಂದರೆ ನಾನು ಹೊರಗೆ ಬಂದು ನಿಲ್ಲುತ್ತೇನೆ. ಬಿಲ್ಲು ಕಟ್ಟಿ ಬರುವುದು ನಮ್ಮ ಯಜಮಾನರು.