ಗೆರೆ ಉದ್ದವಾದರೆ ಕೋನ ದೊಡ್ಡದಾಗುತ್ತದಾ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಐದನೇ ಕ್ಲಾಸಿಗೆ ಗಣಿತ ಕಲಿಸುತ್ತೇನೆ. ಎರಡು ಕೋನ ಬರೆದು ದೊಡ್ಡದು ಯಾವುದು ಎಂದು ಕೇಳಿದರೆ, ಉದ್ದ ಗೆರೆಯದ್ದನ್ನೇ ಮಕ್ಕಳು ತೋರಿಸುತ್ತಾರೆ. ಕೋನಮಾಪಕ ಕೊಟ್ಟರೆ 60 ಡಿಗ್ರಿಯನ್ನು 120 ಎಂದು ಓದುತ್ತಾರೆ. ಏನು ಮಾಡಲಿ?

ಉತ್ತರ: ಟೀಚರೇ, ಮೊದಲು ಕೋನಮಾಪಕವನ್ನು ಒಂದು ವಾರ ಕಪಾಟಿನೊಳಗೆ ಇಡಿ. ಮಕ್ಕಳು ಇಷ್ಟು ದಿನ ಸ್ಕೇಲು ಹಿಡಿದು ಉದ್ದವನ್ನೇ ಅಳೆದವರು. ಗೆರೆ ಕಂಡರೆ ಉದ್ದವೇ ಕಣ್ಣಿಗೆ ಬೀಳುತ್ತದೆ. ಕೋನ ಅಂದರೆ ಎಷ್ಟು ತಿರುಗಿತು ಎಂಬ ಲೆಕ್ಕ, ಅದು ಗೆರೆಯಲ್ಲಿ ಕಾಣುವುದಿಲ್ಲ.

ಹಿಡಿಸೂಡಿಯಿಂದ ನಾಲ್ಕು ಕಡ್ಡಿ ಎಳೆದುಕೊಳ್ಳಿ. ಎರಡು ಉದ್ದ ಕಡ್ಡಿಗಳ ಬುಡ ಸೇರಿಸಿ ಮೇಜಿನ ಮೇಲೆ ಸ್ವಲ್ಪವೇ ಅಗಲಿಸಿ ಇಡಿ. ಎರಡು ಗಿಡ್ಡ ಕಡ್ಡಿಗಳನ್ನು ಜಾಸ್ತಿ ಅಗಲಿಸಿ. ದೊಡ್ಡದು ಯಾವುದು? ಉದ್ದದ್ದು ಅನ್ನುತ್ತಾರೆ. ವಾದ ಬೇಡ. ಉದ್ದ ಕಡ್ಡಿಗಳನ್ನು ಬುಡ ಅಲುಗದ ಹಾಗೆ ಅರ್ಧಕ್ಕೆ ಮುರಿಸಿ. "ಕಡ್ಡಿ ತಿರುಗಿತಾ?" ಎಂದು ಕೇಳಿ. ಇಲ್ಲೊಂದು ತೊಡಕು ಇದೆ: ಮುರಿದಾಗ ತುದಿಗಳ ನಡುವಿನ ಅಂತರ ಕಮ್ಮಿಯಾಗುತ್ತದೆ, ಹುಷಾರಾದ ಹುಡುಗಿಯೊಬ್ಬಳು "ಸಣ್ಣದಾಯ್ತಲ್ಲ" ಅಂದೇ ಅನ್ನುತ್ತಾಳೆ. ಆಗ ಕ್ಲಾಸಿನ ಬಾಗಿಲಿಗೆ ಕರೆದುಕೊಂಡು ಹೋಗಿ. ಒಬ್ಬಳು ಬಿಜಾಗರಿಯ ಹತ್ತಿರ, ಇನ್ನೊಬ್ಬಳು ಹಿಡಿಯ ಹತ್ತಿರ ನಿಂತು ಬಾಗಿಲು ತಳ್ಳಲಿ. ಹಿಡಿಯವಳು ಜಾಸ್ತಿ ಹೆಜ್ಜೆ ಹಾಕುತ್ತಾಳೆ, ಬಾಗಿಲು ತಿರುಗಿದ್ದು ಮಾತ್ರ ಇಬ್ಬರಿಗೂ ಅಷ್ಟೇ ಅಲ್ವಾ?

ಲಂಬಕೋನಕ್ಕೆ ಹರಿದ ಕಾಗದ ಸಾಕು. ಒಮ್ಮೆ ಮಡಚಿ, ಆ ಮಡಿಕೆ ತನ್ನ ಮೇಲೆ ತಾನೇ ಕೂರುವಂತೆ ಇನ್ನೊಮ್ಮೆ ಮಡಚಿ. ಆ ಮೂಲೆಯೇ ಅಳತೆ. ಬಡಗಿಯ ಮೂಲೆಮಟ್ಟವನ್ನೂ ತೋರಿಸಿ. ಮಲಯಾಳದಲ್ಲಿ ಲಂಬಕೋನ ತ್ರಿಭುಜಕ್ಕೆ 'ಮಟ್ಟತ್ರಿಕೋಣಂ' ಎನ್ನುತ್ತಾರಲ್ಲ, ಅಲ್ಲೂ ಅದೇ ಮಟ್ಟ. ನಿಮ್ಮ ಊರಿನ ಮಕ್ಕಳಿಗೆ ಇದು ಬೇಗ ಹತ್ತುತ್ತದೆ.

ಆಮೇಲೆ ಕೋನಮಾಪಕ. ಓದುವ ಮೊದಲು ಕಾಗದದ ಮೂಲೆ ಇಟ್ಟು, ಲಂಬಕೋನಕ್ಕಿಂತ ಕಮ್ಮಿಯೋ ಜಾಸ್ತಿಯೋ ಹೇಳಲಿ. ಕಮ್ಮಿ ಎಂದು ಗೊತ್ತಿದ್ದ ಮೇಲೆ 120 ಎಂದು ಬರೆಯಲು ಕೈ ಬರುವುದಿಲ್ಲ.

ಬೋರ್ಡಿನಲ್ಲಿ ಬರೆಯುವಾಗ ಒಂದು ಗೆರೆ ಯಾವಾಗಲೂ ಅಡ್ಡಕ್ಕೇ ಇರುವುದು ಬೇಡ. ಓರೆಯಾಗಿ ಕೂತ ಲಂಬಕೋನವನ್ನು ಮಕ್ಕಳು ಲಂಬಕೋನವೇ ಅಲ್ಲ ಅನ್ನುತ್ತಾರೆ. ನೀವು ಸುಮ್ನಿರಿ, ಕಾಗದದ ಮೂಲೆ ಹಿಡಿದು ಅವರೇ ನೋಡಲಿ.